ಚಿತ್ರ ಬೇಯುವ ಹೊತ್ತು

ಎಲ್ಲಕ್ಕೂ ಕಾರಣ ಒಂದು ಬಿಸ್ಕತ್ತು. ಅದು ಚಹಾದಲ್ಲಿ ಮುಳುಗಿ ಹೋಗದಿದ್ದರೆ ನಿಧಾನಪ್ಪನ ಬಾಯಲ್ಲಿ ಇರುತ್ತಿತ್ತು. ಬಾಯಲ್ಲಿ ಬಿಸ್ಕತ್ತು ಇದ್ದಿದ್ದರೆ ಆ ಮಾತು ಹೊರಗೆ ಬರುತ್ತಿರಲಿಲ್ಲ.

"ಏನೇ ಹೇಳಮ್ಮ, ನನ್ನ ಡೆಸ್ಕ್‌ಟಾಪ್ ಮುಂದೆ ನಿನ್ನ ಲ್ಯಾಪ್‌ಟಾಪ್ ಆಟದ ಸಾಮಾನು!"

ಮಾತು ಆಡಿದ್ದು ಚಟಪಟಳಿಗೆ. ಕಟ್ಟಡಗಳ ನಕ್ಷೆ ಮಾಡಿಕೊಡುವ ಆ ಕಚೇರಿಗೆ ಹೊಸದಾಗಿ ಸೇರಿದ್ದ ಆಕೆ ನಡೆಯುವುದು, ಮಾತಾಡುವುದು, ಕೀಲಿಮಣೆ ಕುಟ್ಟುವುದು ಎಲ್ಲವೂ ಒಗ್ಗರಣೆಯ ಸಾಸಿವೆಯ ಹಾಗೆ. ಬಂದ ವಾರದಲ್ಲೇ ಆ ಹೆಸರು ಅಂಟಿತ್ತು. ನಿಧಾನಪ್ಪನ ಹೆಸರು ಅಂಟಿ ಬಹಳ ವರ್ಷವಾಗಿತ್ತು. ತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ತಪ್ಪು ಪೂರ್ತಿ ಅವನದೂ ಅಲ್ಲ. ಮೊದಲು ಕೆಣಕಿದ್ದು ಅವಳು. "ಸರ್, ನಿಮ್ಮ ಡಬ್ಬ ಕೇಳ್ಕೊಂಡು ಮ್ಯೂಸಿಯಂನೋರು ಇನ್ನೂ ಬಂದಿಲ್ವಾ?" ಅಂದಿದ್ದಳು. ಆ ಹೊತ್ತಿಗೆ ಸರಿಯಾಗಿ ಬಿಸ್ಕತ್ತು ಮುಳುಗಿತು. ಗಂಡಸಿನ ಸಿಟ್ಟಿಗೆ ಒಂದು ದಾರಿ ಬೇಕಲ್ಲ.

ಅವನ ದುರದೃಷ್ಟಕ್ಕೆ, ಹಿಂದೆ ಮೇಡಂ ಲೋಟ ಹಿಡಿದು ನಿಂತಿದ್ದರು.

"ಹೌದಾ?" ಎಂದರು ಕಚೇರಿಯ ಒಡತಿ. "ಒಳ್ಳೇದಾಯ್ತು. ಎಲ್ರಿಗೂ ಲ್ಯಾಪ್‌ಟಾಪ್ ತಗೊಳ್ಳೋದಾ ಬೇಡ್ವಾ ಅಂತ ವಾರದಿಂದ ತಲೆ ಕೆಡಿಸ್ಕೊಂಡಿದ್ದೆ. ಇವತ್ತೇ ನೋಡಿಬಿಡೋಣ. ಒಂದೇ ಚಿತ್ರ, ಎರಡು ಮೆಷಿನ್ನು. ಲ್ಯಾಪ್‌ಟಾಪ್ ಗೆದ್ರೆ ಎಲ್ರಿಗೂ ಲ್ಯಾಪ್‌ಟಾಪ್. ಡೆಸ್ಕ್‌ಟಾಪ್ ಗೆದ್ರೆ ಇರೋದ್ರಲ್ಲೇ ನಡೀಲಿ."

"ಮೇಡಂ, ನಾನು ಸುಮ್ನೆ ತಮಾಷೆಗೆ…"

"ಆ ಹೋಟೆಲಿನ ಫೈಲ್ ಇದ್ಯಲ್ಲ, ಖಾಲಿ ರೂಮುಗಳದ್ದು. ಒಳಗಿನ ಸಾಮಾನು ಜೋಡಿಸೋಕೆ ನೀವು ಮುಂದಿನ ತಿಂಗಳವರೆಗೆ ಟೈಮ್ ಕೇಳಿದೀರಿ. ಪರ್ವಾಗಿಲ್ಲ, ಹಾಗೇ ಖಾಲಿದೇ ಕೊಡಿ. ಊಟ ಆದ್ಮೇಲೆ ಎರಡ್ರಲ್ಲೂ ಬೇಯಕ್ಕಿಡಿ. ನಾನು ಸೈಟಿಗೆ ಹೋಗಿ ಸಂಜೆ ಬರ್ತೀನಿ. ಯಾವ್ದು ಎಷ್ಟು ಹೊತ್ತು ತಗೊಳ್ತು ಅಂತ ನಮ್ಮ ಲೆಕ್ಕದಕ್ಕ ನೋಡ್ಲಿ."

ಬೇಯಿಸುವುದು ಎಂದರೆ ಆ ಕಚೇರಿಯ ಮಾತು. ಬರಿಯ ಗೆರೆಗಳ ನಕ್ಷೆಯನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಬಿಸಿಲೆಷ್ಟು, ನೆರಳೆಷ್ಟು, ಗಾಜಿನಲ್ಲಿ ಕಾಣುವುದೇನು ಎಂದು ಲೆಕ್ಕ ಹಾಕುತ್ತ ಹಾಕುತ್ತ ಫೋಟೋದಂಥ ಚಿತ್ರ ಮಾಡಿಕೊಡುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ, ಅದು ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. "ಬೆಂತಾ?" ಎಂದು ಮೇಡಂ ಕೇಳುವರು, "ಇನ್ನೂ ಬೇಯ್ತಿದೆ" ಎಂದು ನಕ್ಷೆ ಮಾಡುವವರು ಹೇಳುವರು.

ನಿಧಾನಪ್ಪನ ಬದುಕಿನ ಸುಖವೆಲ್ಲ ಇದ್ದದ್ದು ಈ "ಇನ್ನೂ ಬೇಯ್ತಿದೆ"ಯಲ್ಲಿ.

ಅವನ ಮನೆ ಚಿಕ್ಕದು, ಸಂಸಾರ ದೊಡ್ಡದು. ಹೆಂಡತಿ, ಇಬ್ಬರು ಮಕ್ಕಳು, ಜಗತ್ತಿಗೇ ಕೇಳುವ ಹಾಗೆ ಫೋನಿನಲ್ಲಿ ಮಾತಾಡುವ ಅತ್ತೆ, ಸಾಲದ್ದಕ್ಕೆ ಸ್ಯಾಕ್ಸೋಫೋನ್ ಕಲಿಯುತ್ತಿದ್ದ ಭಾವಮೈದುನ. ಅಲ್ಲಿ ಕಣ್ಣು ಮುಚ್ಚುವುದೆಂದರೆ ಸಂತೆಯ ನಡುವೆ ಧ್ಯಾನಕ್ಕೆ ಕೂತಂತೆ. ಆದ್ದರಿಂದ ಅವನು ನಿದ್ದೆಯನ್ನು ಕಚೇರಿಗೆ ವರ್ಗ ಮಾಡಿಸಿಕೊಂಡಿದ್ದ. ನಿಜ ಹೇಳಬೇಕೆಂದರೆ ಅವನ ಡೆಸ್ಕ್‌ಟಾಪ್ ಚಿತ್ರವನ್ನು ಅವನು ಊಟದ ಡಬ್ಬಿ ತೊಳೆದು ಬರುವುದರೊಳಗೆ ಬೇಯಿಸಿ ಮುಗಿಸುತ್ತಿತ್ತು. ಆಮೇಲೆ ಅವನು ಅರ್ಧ ಬೆಂದ ಚಿತ್ರವೊಂದನ್ನು ತೆರೆಯ ತುಂಬ ಹರಡಿ, ಬಾಗಿಲಿಗೆ ಬೆನ್ನು ಹಾಕಿ, ಕೈಯನ್ನು ಮೌಸಿನ ಮೇಲಿಟ್ಟು, ನೆಟ್ಟಗೆ ಕೂತು ನಿದ್ದೆ ಮಾಡುತ್ತಿದ್ದ. ಹಿಂದಿನಿಂದ ನೋಡಿದವರಿಗೆ ಕರ್ತವ್ಯದಲ್ಲಿ ಕರಗಿಹೋದ ಮನುಷ್ಯನ ಬೆನ್ನು ಕಾಣುತ್ತಿತ್ತು. ಸಂಜೆಯ ಚಹಾದ ಹೊತ್ತಿಗೆ "ಅಬ್ಬ, ಅಂತೂ ಬೆಂತು" ಎಂದು ಏಳುತ್ತಿದ್ದ.

ಈಗ ಕುರ್ಚಿಯಲ್ಲಿ ಕೂತು ಯೋಚಿಸಿದ. ಲ್ಯಾಪ್‌ಟಾಪ್ ಗೆದ್ದರೆ ಎಲ್ಲರ ತೊಡೆಗೂ ಒಂದೊಂದು ಲ್ಯಾಪ್‌ಟಾಪ್. ಅದು ಬೇಗ ಬೇಯಿಸುತ್ತದೆಂದು ಎಲ್ಲರಿಗೂ ಗೊತ್ತಾಗುತ್ತದೆ, ನಿದ್ದೆ ಹೋಯಿತು. ಮೇಲಾಗಿ ಅದು ಮನೆಯವರೆಗೂ ಹಿಂದೆಯೇ ಬರುತ್ತದೆ. ಸರಿ, ಡೆಸ್ಕ್‌ಟಾಪ್ ಗೆದ್ದರೆ? ಲೆಕ್ಕದಕ್ಕ ಗಡಿಯಾರ ನೋಡಿ, "ಡಬ್ಬಿ ತೊಳೆಯೋದ್ರೊಳಗೆ ಮುಗೀತು ಮೇಡಂ" ಎನ್ನುತ್ತಾಳೆ. ಇಷ್ಟು ವರ್ಷದ ಮಧ್ಯಾಹ್ನಗಳಿಗೆಲ್ಲ ಮೇಡಂ ಉತ್ತರ ಕೇಳುತ್ತಾರೆ. ಸೋತರೂ ಕೆಟ್ಟೆ, ಗೆದ್ದರೂ ಕೆಟ್ಟೆ.

ಉಳಿದದ್ದು ಒಂದೇ ದಾರಿ. ಎರಡೂ ಸೋಲಬೇಕು. ಅದೂ ಜೊತೆಯಾಗಿ, ಸಂಜೆಯವರೆಗೆ ತೆವಳಿ ತೆವಳಿ ಸೋಲಬೇಕು.

ಆಗ ಹೊಳೆಯಿತು: ಚಿತ್ರ ಕೊಡುವವನು ತಾನೇ ಅಲ್ಲವೇ!

ಕಂಪ್ಯೂಟರಿನೊಳಗೆ ಲೆಕ್ಕ ಹಾಕುವ ಪ್ರೊಸೆಸರ್ ಎಂಥದೇ ಇರಲಿ, ಅದು ಅಳುವಂತೆ ಮಾಡುವ ವಸ್ತುಗಳು ಯಾವುವು ಎಂದು ಅವನಿಗೆ ಗೊತ್ತಿತ್ತು. ಗಾಜು, ಕನ್ನಡಿ, ನೀರು. ಬೆಳಕು ಇವುಗಳೊಳಗೆ ಹೊಕ್ಕರೆ ನೆಂಟರ ಮನೆಗೆ ಹೋದ ಅತ್ತೆಯ ಹಾಗೆ, ಬೇಗ ಹೊರಗೆ ಬರುವುದಿಲ್ಲ. ನಿಧಾನಪ್ಪ ತೆರೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡ, ಅಂಗಿಯ ತೋಳು ಮಡಚಿದ.

ಖಾಲಿ ಹೋಟೆಲು ತುಂಬತೊಡಗಿತು. ಮೊದಲ ರೂಮಿಗೆ ಮಂಚ, ಮೇಜು, ಮೇಜಿನ ಮೇಲೆ ಗಾಜಿನ ಹೂಜಿ, ಹೂಜಿಯಲ್ಲಿ ನೀರು, ನೀರಿನಲ್ಲಿ ಹೂವು. ಎದುರು ಬದುರು ಕನ್ನಡಿ. ಅದು ಸಾಲದೆನಿಸಿ ಮುಚ್ಚಿದ ಬೀರುವಿನೊಳಗೂ ಗಾಜಿನ ಬಟ್ಟಲು, ಬಟ್ಟಲಲ್ಲಿ ದ್ರಾಕ್ಷಿ, ದ್ರಾಕ್ಷಿಯ ಮೇಲೆ ನೀರಿನ ಹನಿ. ಒಂದು ರೂಮಿನದನ್ನು ಇನ್ನೊಂದಕ್ಕೆ ಎತ್ತಿ ಹಾಕಿದರೆ ಒಂದೇ ಥರ ಕಂಡು ಸಂಶಯ ಬರಬಹುದೆಂದು ಪ್ರತಿ ರೂಮಿಗೂ ಬಣ್ಣ ಬೇರೆ, ಪರದೆ ಬೇರೆ, ದೀಪ ಬೇರೆ. ಊಟದ ಕೋಣೆಗೆ ತೂಗುದೀಪ. ನೆಲಮಾಳಿಗೆಯ ನೀರಿನ ತೊಟ್ಟಿಗೆ ಮೀನು. ಯಾವ ಕಳ್ಳನೂ ಅಷ್ಟು ಶ್ರದ್ಧೆಯಿಂದ ಮನೆ ಖಾಲಿ ಮಾಡಿರಲಾರ, ಇವನು ಅಷ್ಟು ಶ್ರದ್ಧೆಯಿಂದ ತುಂಬಿದ. ನೀರು ಕುಡಿಯಲೂ ಏಳಲಿಲ್ಲ. ಬೆರಳು ಮಾತ್ರ ಓಡುತ್ತಿದ್ದವು.

"ಏನೋ, ಇವತ್ತು ಮಾತೇ ಇಲ್ಲ?" ಎಂದಳು ಕಚೇರಿಯ ಲೆಕ್ಕ ಬರೆಯುವ ಲೆಕ್ಕದಕ್ಕ ಪಕ್ಕದ ಮೇಜಿನಿಂದ. ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಇವನನ್ನು ಕಾಪಾಡುವುದು ತನ್ನ ಹೊಣೆಯೆಂದು ತಾನೇ ವಹಿಸಿಕೊಂಡಿದ್ದಳು. "ಹೆದರ್ಬೇಡ. ನಾನಿದೀನಿ. ನಿನ್ನ ಮೆಷಿನ್ನು ಸೋಲಕ್ಕೆ ನಾನು ಬಿಡ್ತೀನಾ?"

"ಅಯ್ಯೋ, ನೀನು ಏನೂ ಮಾಡ್ಬೇಡಕ್ಕ."

"ಸುಮ್ನಿರು. ನಿನಗೆ ನಾಚಿಕೆ ಜಾಸ್ತಿ."

ಊಟದ ಡಬ್ಬಿ ತೊಳೆದು ಬಂದಾಗ ನಿಧಾನಪ್ಪ ಬಾಗಿಲಲ್ಲೇ ನಿಂತ. ಅವನ ಡೆಸ್ಕ್‌ಟಾಪಿನ ಪಕ್ಕದ ತಗಡು ಬಿಚ್ಚಿ ನೆಲದಲ್ಲಿತ್ತು. ಎದುರು ಕೋಣೆಯ ಹಲ್ಲಿನ ಡಾಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಂಡಿಯೂರಿ, ಹಲ್ಲಿನ ತೂತಿಗೆ ಗಾಳಿ ಊದುವ ತಮ್ಮ ಯಂತ್ರವನ್ನು ಅದರ ಫ್ಯಾನಿಗೆ ಹಿಡಿದಿದ್ದರು. ಭುಸ್ಸೆಂದು ಎದ್ದ ದೂಳಿನ ಮೋಡದಲ್ಲಿ ಲೆಕ್ಕದಕ್ಕ ಬ್ರಷ್ ಹಿಡಿದು ಯುದ್ಧಭೂಮಿಯ ದಾದಿಯಂತೆ ಕಾಣುತ್ತಿದ್ದಳು.

"ಇಷ್ಟು ಹೂಳು ಇಟ್ಕೊಂಡು ಬದುಕಿದ್ದೇ ಹೆಚ್ಚು ರೀ!" ಎಂದರು ಡಾಕ್ಟರು. "ಬೇರಿನವರೆಗೂ ಕ್ಲೀನ್ ಮಾಡಿದೀನಿ. ಇನ್ನು ನೋಡಿ, ಕುದುರೆ!"

ನಿಧಾನಪ್ಪನಿಗೆ ಅಳು ಬಂತು. ಎಷ್ಟೋ ವರ್ಷದಿಂದ ಪದರ ಪದರವಾಗಿ ಬೆಳೆಸಿದ್ದ ದೂಳು! ಅದೊಂದೇ ಅವನ ಯಂತ್ರಕ್ಕೆ ಅಷ್ಟಿಷ್ಟು ಲಗಾಮು ಹಾಕಿತ್ತು. "ಥ್ಯಾಂಕ್ಸ್ ಡಾಕ್ಟ್ರೇ" ಎಂದವನೇ ಕೂತು, ಕೊನೆಯ ಗಳಿಗೆಯಲ್ಲಿ ಹೋಟೆಲಿನ ಮೆಟ್ಟಿಲನ್ನೆಲ್ಲ ಗಾಜಿನದು ಮಾಡಿ, ಅದೇ ಫೈಲನ್ನು ಚಟಪಟಳಿಗೂ ಕಳಿಸಿಬಿಟ್ಟ.

ಚಟಪಟಳ ಕಡೆಗೂ ಜನ ಸೇರಿದ್ದರು. ಪಕ್ಕದ ಕೋಣೆಯ ವಿಮೆಯವರು ಮಧ್ಯಾಹ್ನ ಕೆಲಸವಿಲ್ಲದೆ ಯಾರಾದರೊಬ್ಬರ ಪಕ್ಷ ವಹಿಸಲು ಕಾಯುತ್ತಿದ್ದವರು. ಡಾಕ್ಟರು ಡೆಸ್ಕ್‌ಟಾಪಿನ ಕಡೆ ಎಂದು ತಿಳಿದ ಕೂಡಲೇ ಅವರು ಲ್ಯಾಪ್‌ಟಾಪಿನ ಕಡೆಯಾದರು. ಸೋತವರು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಬೇಕೆಂದು ಪಂದ್ಯವೂ ಆಯಿತು.

"ಅಲ್ಲಮ್ಮ," ಎಂದರು ವಿಮೆಯವರು ಎರಡೂ ಯಂತ್ರಗಳ ಮೇಲೆ ಅಂಟಿಸಿದ್ದ ಚೀಟಿಗಳನ್ನು ಬಗ್ಗಿ ನೋಡಿ, "ಎರಡ್ರ ಮೇಲೂ ಒಂದೇ ಹೆಸರಿದೆ. ಪ್ರೊಸೆಸರ್ ಒಂದೇ ಅಂದ್ಮೇಲೆ ಪಂದ್ಯ ಯಾಕೆ?"

"ಮನೆತನದ ಹೆಸರು ಒಂದೇ ಸರ್, ಊಟ ಬೇರೆ," ಎಂದಳು ಚಟಪಟ. "ಡೆಸ್ಕ್‌ಟಾಪಿನೊಳಗಿರೋನು ಗೋಡೆಯಿಂದ ಬೇಕಾದಷ್ಟು ಕರೆಂಟ್ ಕುಡೀತಾನೆ, ಅಗಲವಾದ ಮನೆ, ದೊಡ್ಡ ಫ್ಯಾನು. ಲ್ಯಾಪ್‌ಟಾಪಿನೋನಿಗೆ ಅಳತೆ ಊಟ, ಇಷ್ಟೇ ಇಷ್ಟು ಜಾಗ. ಓಡಿದ್ರೆ ಮೈ ಕಾಯತ್ತೆ. ಕಾದ್ರೆ ತಾನೇ ನಿಧಾನ ಆಗ್ಬಿಡ್ತಾನೆ. ಆದ್ರೆ ನಮ್ಮೋನು ಈ ವರ್ಷದ ಮಗು. ಸರ್‌ದು ಅಜ್ಜ."

"ಅಜ್ಜಂಗೆ ಈಗ ಹಲ್ಲು ಕ್ಲೀನ್ ಮಾಡಿದೀನಿ!" ಎಂದರು ಡಾಕ್ಟರು.

ಲೆಕ್ಕದಕ್ಕ ಗೋಡೆ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು, "ಹೂಂ, ಹಚ್ಚಿ ಒಲೆ!" ಎಂದಳು. ಎರಡು ಬೆರಳು ಒಮ್ಮೆಲೇ ಒತ್ತಿದವು.

ಲ್ಯಾಪ್‌ಟಾಪ್ ಚಿಗರೆಯಂತೆ ಜಿಗಿಯಿತು. ಆಕಾಶ ಬಂತು, ಮರ ಬಂತು, ಹೋಟೆಲಿನ ಹೊರಗೋಡೆ ಬಂತು. ವಿಮೆಯವರು ಸಿಳ್ಳೆ ಹಾಕಿದರು. ಡೆಸ್ಕ್‌ಟಾಪ್ ಇನ್ನೂ ಮೋಡದಲ್ಲೇ ಇತ್ತು, ಆದರೆ ಹೆಜ್ಜೆ ತಪ್ಪದ ಎತ್ತಿನ ಹಾಗೆ ಒಂದೇ ಸಮ ಬರುತ್ತಿತ್ತು. ನಿಧಾನಪ್ಪ ಉಸಿರು ಹಿಡಿದು ಕಾದ. ಚಿಗರೆ ಮೊದಲ ರೂಮಿನ ಕಿಟಕಿಗೆ ಬಂತು. ಕನ್ನಡಿಯನ್ನು ಕಂಡಿತು. ಹೂಜಿಯನ್ನು ಕಂಡಿತು. ಅಲ್ಲಿಗೆ ಅದರ ಕಾಲು ಹೂತುಹೋಯಿತು.

"ಯಾಕಮ್ಮ ನಿಂತ್ಹೋಯ್ತು?"

"ನಿಂತಿಲ್ಲ ಸರ್… ಯೋಚ್ನೆ ಮಾಡ್ತಿದೆ." ಚಟಪಟಳ ಹುಬ್ಬು ಗಂಟಾಯಿತು. ಲ್ಯಾಪ್‌ಟಾಪಿನ ಪುಟ್ಟ ಫ್ಯಾನು ಸೊಳ್ಳೆಯಂತೆ ಶುರುವಾಗಿ ಹಿಟ್ಟಿನ ಗಿರಣಿಯಂತಾಯಿತು. ವಿಮೆಯವರು ತಳ ಮುಟ್ಟಿ ನೋಡಿ ಕೈ ಕೊಡವಿದರು. "ಅಯ್ಯಯ್ಯೋ, ದೋಸೆ ಹುಯ್ಯಬಹುದು!" ಎಂದು ಎದುರು ಕೋಣೆಗೆ ಓಡಿಹೋಗಿ, ಏನೋ ತಂದು ಅದರ ಕೆಳಗೆ ತುರುಕಿದರು. ಮತ್ತೆ ತಮ್ಮ ವಿಮೆಯ ಅರ್ಜಿಗಳ ಕಟ್ಟಿನಿಂದ ಗಾಳಿ ಹಾಕತೊಡಗಿದರು.

ಅಷ್ಟರಲ್ಲಿ ಡೆಸ್ಕ್‌ಟಾಪೂ ಅದೇ ರೂಮಿಗೆ ಕಾಲಿಟ್ಟಿತು. ಅದೂ ಕೆಸರಿಗೆ ಬಿತ್ತು. ನಿಧಾನಪ್ಪನ ಮುಖದ ಮೇಲೆ ಒಂದು ಚಿಕ್ಕ ನೆಮ್ಮದಿ ಹರಡಿತು.

"ನಗ್ತೀಯಾ? ಇಲ್ಲಿ ನನಗೆ ಎದೆ ಹೊಡ್ಕೊಳ್ತಿದೆ," ಎಂದು ಲೆಕ್ಕದಕ್ಕ ಗದರಿದಳು. ಎದ್ದು ಹೋಗಿ ಮೇಡಂ ಕೋಣೆಯ ದೊಡ್ಡ ಫ್ಯಾನನ್ನೇ ಎಳೆದು ತಂದು ಡೆಸ್ಕ್‌ಟಾಪಿನ ಬಿಚ್ಚಿದ ಪಕ್ಕೆಗೆ ಹಿಡಿದಳು. ಕಚೇರಿಯ ಕಾಗದಗಳೆಲ್ಲ ಹಾರಿದವು. ನಿಧಾನಪ್ಪ ಕಾಗದ ಹಿಡಿಯುವ ನೆಪದಲ್ಲಿ ಫ್ಯಾನಿನ ಮುಖವನ್ನು ಆಚೆ ತಿರುಗಿಸಿದ. ಅವಳು ಈಚೆ ತಿರುಗಿಸಿದಳು. ಅವನು ಎಡವಿದಂತೆ ಮಾಡಿ ಪ್ಲಗ್ ಕಿತ್ತ. ಅವಳು ಸಿಕ್ಕಿಸಿದಳು.

"ಕಣ್ಣು ಕಾಣಲ್ವೇನೋ? ನಿನ್ನ ಒಳ್ಳೇದಕ್ಕೇ ಮಾಡ್ತಿದೀನಿ!"

"ಅದೇ ಭಯ ಅಕ್ಕ."

ಅದೇ ಹೊತ್ತಿಗೆ ಕೆನ್ನೆ ಬೋಂಡದಂತೆ ಊದಿದ ಮನುಷ್ಯನೊಬ್ಬ ಬಾಗಿಲಲ್ಲಿ ಬಂದು ನಿಂತ. ಡಾಕ್ಟರ ರೋಗಿ. ಹಲ್ಲು ಕೀಳಿಸಿಕೊಂಡು, ಕೆನ್ನೆಗೆ ತಣ್ಣನೆಯ ಪೊಟ್ಟಣ ಒತ್ತಿ ಕೂತಿದ್ದವನು ಒಂದು ಗಳಿಗೆ ಅದನ್ನು ಪಕ್ಕಕ್ಕಿಟ್ಟಿದ್ದನಂತೆ. ಮಾತು ಬರದೆ ಸುತ್ತಲೂ ನೋಡಿದ. ಲ್ಯಾಪ್‌ಟಾಪಿನ ಕೆಳಗೆ ತನ್ನ ಪೊಟ್ಟಣ ಕಂಡು, ನೇರ ಹೋಗಿ, ಎಳೆದುಕೊಂಡು, ಕೆನ್ನೆಗೆ ಒತ್ತಿಕೊಂಡು, ತಕ್ಷಣ "ಹಾ!" ಎಂದು ಕಿರುಚಿದ. ಅದು ಅಷ್ಟರಲ್ಲಿ ಬಿಸಿನೀರಿನ ಚೀಲವಾಗಿತ್ತು.

"ನನ್ನ ರೋಗಿಯ ಐಸ್ ಕದ್ದಿರಾ?" ಡಾಕ್ಟರು ವಿಮೆಯವರ ಮೇಲೆ ಏರಿ ಹೋದರು. "ಇದು ಪಂದ್ಯಾನಾ? ಇದು ದರೋಡೆ!"

"ನೀವು ಗಾಳಿ ಹೊಡ್ದಿದ್ದು ಏನು? ಅದು ರೋಗಿಗಳ ಗಾಳಿ ಅಲ್ವಾ?"

ಆ ಜಗಳ ಒಂದು ಹಂತಕ್ಕೆ ಬರುವಷ್ಟರಲ್ಲಿ ಬಿಸಿಲು ಕಿಟಕಿ ದಾಟಿ ಗೋಡೆಗೆ ಹೋಗಿತ್ತು. ಯಂತ್ರಗಳೆರಡೂ ಬೇಯುತ್ತಲೇ ಇದ್ದವು. ಲ್ಯಾಪ್‌ಟಾಪ್ ನಾಲ್ಕು ಹೆಜ್ಜೆ ಓಡಿ, ಮೈ ಕಾದು, ಕೂತು, ಆರಿ, ಮತ್ತೆ ನಾಲ್ಕು ಹೆಜ್ಜೆ ಓಡುತ್ತಿತ್ತು. ಡೆಸ್ಕ್‌ಟಾಪ್ ಓಡಲೂ ಇಲ್ಲ, ಕೂರಲೂ ಇಲ್ಲ. ಡಾಕ್ಟರು ಜಗಳದ ನಡುವೆ ಒಂದು ಹಲ್ಲು ಕಿತ್ತು ಬಂದರು. ವಿಮೆಯವರು ಗಾಳಿ ಹಾಕುತ್ತಲೇ ಊದಿದ ಕೆನ್ನೆಯವನಿಗೆ ಒಂದು ಪಾಲಿಸಿ ವಿವರಿಸಿದರು. ಪಾಪ, ಬೇಡ ಎನ್ನಲು ಅವನಿಗೆ ಬಾಯಿ ಇರಲಿಲ್ಲ.

ಚಹಾ ಬಂದು ಆರುವ ಹೊತ್ತಿಗೆ ಎರಡೂ ತೆರೆಗಳಲ್ಲಿ ಕೊನೆಯ ಮೂಲೆ ಮಾತ್ರ ಉಳಿದಿತ್ತು. ಎಲ್ಲರೂ ಎದ್ದು ನಿಂತರು. ಲೆಕ್ಕದಕ್ಕ ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ದೇವರ ಮೇಲೆ ಇಟ್ಟಳು. ಚಟಪಟ ಉಗುರು ಕಚ್ಚಿದಳು. ಲ್ಯಾಪ್‌ಟಾಪ್ ಒಮ್ಮೆ ಕೊನೆಯ ಜಿಗಿತ ಜಿಗಿಯಿತು, ಡೆಸ್ಕ್‌ಟಾಪ್ ಕೊನೆಯ ಹೆಜ್ಜೆ ಇಟ್ಟಿತು, ಎರಡೂ ಒಂದೇ ಉಸಿರಿನಲ್ಲಿ "ಟಿಂಗ್" ಎಂದವು.

"ಸಮ!" ಎಂದಳು ಲೆಕ್ಕದಕ್ಕ, ನಂಬಲಾರದೆ.

ನಿಧಾನಪ್ಪನಿಗೆ ಎದ್ದು ಕುಣಿಯಬೇಕೆನಿಸಿತು. ಕಷ್ಟಪಟ್ಟು ಮುಖ ಗಂಟು ಹಾಕಿಕೊಂಡು, "ಛೇ, ಸ್ವಲ್ಪದ್ರಲ್ಲಿ ತಪ್ತು" ಎಂದ.

ಮೇಡಂ ಸೈಟಿನ ಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಒಳಗೆ ಬಂದರು. ಲೆಕ್ಕದಕ್ಕ ವರದಿ ಒಪ್ಪಿಸಿದಳು: ಎರಡೂ ಊಟವಾದಾಗ ಹಚ್ಚಿದ್ದು, ಎರಡೂ ಈಗ ಇಳಿದದ್ದು.

"ಅಷ್ಟೇನಾ?" ಎಂದರು ಮೇಡಂ. "ಹಾಗಾದ್ರೆ ಲ್ಯಾಪ್‌ಟಾಪ್ ತಗೊಂಡು ಏನು ಪ್ರಯೋಜನ? ಬೇಡ, ಬಿಡಿ. ಇರೋದ್ರಲ್ಲೇ ನಡೀಲಿ. ಚಿತ್ರ ಅಂದ್ರೆ ಇಷ್ಟು ಹೊತ್ತು ಬೇಕೇ ಬೇಕು ಅಂತ ಇವರು ಹೇಳ್ತಿದ್ದದ್ದು ನಿಜಾನೇ."

ನಿಧಾನಪ್ಪ ಕಣ್ಣು ಮುಚ್ಚಿಕೊಂಡ. ಮುಂದಿನ ಮಧ್ಯಾಹ್ನಗಳೆಲ್ಲ ಹಾಸಿದ ಚಾಪೆಯಂತೆ ಕಣ್ಣ ಮುಂದೆ ಬಿಚ್ಚಿಕೊಂಡವು.

ಕಣ್ಣು ತೆರೆದಾಗ ಮೇಡಂ ಹೋಗಿರಲಿಲ್ಲ. ಅವನ ತೆರೆಯ ಮುಂದೆ ಬಗ್ಗಿ ನಿಂತಿದ್ದರು.

"ಇದು ಯಾವ ಹೋಟೆಲು?"

"ಅದೇ ಮೇಡಂ… ನೀವು ಹೇಳಿದ್ದೇ."

"ಅದು ಖಾಲಿ ಇತ್ತಲ್ಲ!" ಮೇಡಂ ಮೌಸ್ ಹಿಡಿದು ನಕ್ಷೆಯೊಳಕ್ಕೆ ಹೋದರು. ಒಂದೊಂದೇ ರೂಮು ತೆರೆದರು. ಪರದೆ ನೋಡಿದರು, ಹೂಜಿ ನೋಡಿದರು, ಬೀರು ತೆಗೆದು ದ್ರಾಕ್ಷಿ ನೋಡಿದರು. ದ್ರಾಕ್ಷಿಯ ಮೇಲಿನ ಹನಿಯನ್ನೂ ಹತ್ತಿರ ಹೋಗಿ ನೋಡಿದರು. ಸಿಕ್ಕಿಬಿದ್ದೆ, ಅಂದುಕೊಂಡ ನಿಧಾನಪ್ಪ. ಬೈಗುಳ, ಹೆಚ್ಚೆಂದರೆ ಒಂದು ಎಚ್ಚರಿಕೆ. ತಡೆದುಕೊಳ್ಳಬಹುದು.

"ಇದನ್ನೆಲ್ಲ ಯಾವಾಗ ಮಾಡಿದ್ರಿ?"

"ಬೆಳಿಗ್ಗೆ ಮೇಡಂ."

"ಯಾವ ಬೆಳಿಗ್ಗೆ?"

"ಇವತ್ತಿಂದು… ಚಹಾ ಆದ್ಮೇಲೆ. ಊಟದವರೆಗೆ."

ಮೇಡಂ ನೆಟ್ಟಗೆ ನಿಂತು ಅವನನ್ನು ಹೊಸ ಮನುಷ್ಯನನ್ನು ನೋಡುವಂತೆ ನೋಡಿದರು. "ಒಂದು ತಿಂಗಳ ಕೆಲ್ಸ. ಅರ್ಧ ದಿನದಲ್ಲಿ! ಪ್ರತಿ ರೂಮೂ ಬೇರೆ ಥರ! ನಾನು ಅಲ್ಲಿ ಪ್ರೊಸೆಸರ್ ಹುಡುಕ್ತಾ ಕೂತಿದೀನಿ, ಈ ಆಫೀಸಿನ ಪ್ರೊಸೆಸರ್ ಇಲ್ಲಿ ಮೂಲೇಲಿ ಕೂತಿದೆ!"

"ಇಲ್ಲ ಮೇಡಂ!" ನಿಧಾನಪ್ಪ ಗಾಬರಿಯಿಂದ ಎದ್ದ. "ಅದು ಏನೋ ಆಗ್ಹೋಯ್ತು. ನಾನು ತುಂಬ ನಿಧಾನ ಮೇಡಂ. ಯಾರನ್ನಾದ್ರೂ ಕೇಳಿ!"

ಮೇಡಂ ಕೇಳಿದರು.

"ನಿಧಾನಾನಾ? ಇವನಾ?" ಎಂದಳು ಲೆಕ್ಕದಕ್ಕ, ತಮ್ಮನ ಮಾನ ಹೋಗುತ್ತಿದೆಯೆಂದು ಎದೆ ಮುಂದೆ ಮಾಡಿ. "ಬೆಳಿಗ್ಗೆಯಿಂದ ನೋಡ್ತಿದೀನಿ ಮೇಡಂ, ಬೆರಳು ಕಾಣ್ತಿರ್ಲಿಲ್ಲ. ನೀರು ಕುಡ್ಯಕ್ಕೂ ಎದ್ದಿಲ್ಲ. ವಿನಯ ಜಾಸ್ತಿ ಇವನಿಗೆ, ಅದಕ್ಕೇ ಮುಂದೆ ಬಂದಿಲ್ಲ."

"ಮಿಂಚು!" ಎಂದರು ಡಾಕ್ಟರು. ತಾವು ಕ್ಲೀನ್ ಮಾಡಿದ ಯಂತ್ರದ ಒಡೆಯನನ್ನು ಬಿಟ್ಟುಕೊಡುವುದುಂಟೇ? ವಿಮೆಯವರೂ, ಮಧ್ಯಾಹ್ನವಿಡೀ ಎದುರು ಪಕ್ಷದಲ್ಲಿದ್ದ ಪಾಪ ಕಳೆದುಕೊಳ್ಳಲು, "ಇಂಥೋರು ಕೋಟಿಗೊಬ್ರು" ಎಂದು ಸೇರಿಸಿದರು. ಊದಿದ ಕೆನ್ನೆಯವನೂ ತಲೆಯಾಡಿಸಿದ.

ನಿಧಾನಪ್ಪ ಕೊನೆಯ ಆಸೆಯಿಂದ ಚಟಪಟಳನ್ನು ನೋಡಿದ. ಮೂರು ಹೊತ್ತೂ ಅವನನ್ನು ಆಮೆ, ಅಜ್ಜ ಎಂದು ಕಾಡಿಸುವವಳು, ಇವಳಾದರೂ ನಿಜ ಹೇಳಬಹುದು.

ಚಟಪಟ ತಲೆ ತಗ್ಗಿಸಿದಳು. "ಸಾರಿ ಸರ್. ನಿಮ್ಮ ಬಗ್ಗೆ ನಾನು ತಪ್ಪು ತಿಳ್ಕೊಂಡಿದ್ದೆ."

"ಮುಗೀತು," ಎಂದರು ಮೇಡಂ ಸಂತೋಷದಿಂದ. "ನಾಳೆಯಿಂದ ಬೆಳಿಗ್ಗೆ ಹಳೇ ಕೆಲ್ಸ. ಮಧ್ಯಾಹ್ನ ಚಿತ್ರ ಬೇಯೋಕಿಟ್ಟು ಸುಮ್ನೆ ಅದರ ಮುಖ ನೋಡ್ತಾ ಕೂರ್ತಿದ್ರಲ್ಲ, ಪಾಪ, ಆ ಶಿಕ್ಷೆ ಇನ್ನು ಬೇಡ. ಇನ್ನೊಂದು ಮೆಷಿನ್ ಪಕ್ಕದಲ್ಲೇ ಹಾಕಿಸ್ತೀನಿ. ಒಂದ್ರಲ್ಲಿ ಬೇಯ್ತಿರ್ಲಿ, ಇನ್ನೊಂದ್ರಲ್ಲಿ ನೀವು ರೂಮು ತುಂಬಿ. ಆಸ್ಪತ್ರೆದು ಇದೆ, ಸ್ಕೂಲಿಂದು ಇದೆ, ಆ ಮುನ್ನೂರು ಮನೆದು ಇದೆ. ದ್ರಾಕ್ಷಿ ಮೇಲೆ ಹನಿ ಮಾತ್ರ ಮರೀಬೇಡಿ, ಅದೇ ಚೆನ್ನಾಗಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಂದ್ಯ ಸಮವಾದ್ದರಿಂದ ಐಸ್‌ಕ್ರೀಮ್ ಯಾರು ಕೊಡಿಸಬೇಕೆಂಬ ಪ್ರಶ್ನೆ ಎದ್ದಿತು. ಹೊಸ ಮೆಷಿನ್ ಸಿಕ್ಕಿದವರೇ ಕೊಡಿಸಬೇಕೆಂದು ಡಾಕ್ಟರೂ ವಿಮೆಯವರೂ ಆ ದಿನ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು.

ಮೆಟ್ಟಿಲಿಳಿಯುವಾಗ ಲೆಕ್ಕದಕ್ಕ ಅವನ ತೋಳು ಹಿಡಿದು ಹತ್ತಿರ ಎಳೆದಳು. ಅವಳ ಕಣ್ಣು ನಿಜವಾಗಿಯೂ ತುಂಬಿ ಬಂದಿತ್ತು.

"ನೋಡ್ದಾ? ನೀನು ನಿನ್ನ ಬಾಯಿಂದ್ಲೇ ಹಾಳಾಗ್ತಿದ್ದೆ. ನಾನು ಇಲ್ದಿದ್ರೆ ಏನಾಗ್ತಿತ್ತು ಹೇಳು?"

ನಿಧಾನಪ್ಪ ಒಂದು ಮೆಟ್ಟಿಲಿನ ಮೇಲೆ ನಿಂತು, ಏನಾಗುತ್ತಿತ್ತು ಎಂದು ಯೋಚಿಸಿದ. ಯೋಚಿಸಿದಷ್ಟೂ ಅದು ಸುಂದರವಾಗಿ ಕಾಣತೊಡಗಿತು.

"ಥ್ಯಾಂಕ್ಸ್ ಅಕ್ಕ," ಎಂದ.